ಗುಳ್ಳೆ ಬಾರದ ಮನೆ

ಮುಚ್ಚಳದ ಸಾಹೇಬರು ಯಾವತ್ತೂ ಯಾರಿಗೂ ಸಾಹೇಬರಾಗಿರಲಿಲ್ಲ. ಗಾಜಿನ ಜಾಡಿಗೆ ಹಣ್ಣಿನ ಪಾಕ ತುಂಬುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಸ್ಟೂಲಿನ ಮೇಲೆ ಕೂತವರು. ಗಂಟೆಗೆ ಹತ್ತು ಜಾಡಿ ಎತ್ತಿಕೊಂಡು, ನೀರಿನ ತೊಟ್ಟಿಯಲ್ಲಿ ತಲೆಕೆಳಗಾಗಿ ಮುಳುಗಿಸಿ, ಮುಚ್ಚಳದ ಅಂಚಿನಿಂದ ಗುಳ್ಳೆ ಏಳುತ್ತದೋ ಇಲ್ಲವೋ ಎಂದು ಕಣ್ಣು ಮಿಟುಕಿಸದೆ ನೋಡುವುದೇ ಅವರ ಕೆಲಸ. ಒಂದೇ ಒಂದು ಗುಳ್ಳೆ ಎದ್ದರೆ ಆ ಗಂಟೆಯ ಮಾಲೆಲ್ಲ ವಾಪಸ್. ಮ್ಯಾನೇಜರ್ ಖುದ್ದು ಬಂದು ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಆ ಹಟಕ್ಕೇ ಜೊತೆಯವರು ಸಾಹೇಬರು ಎಂಬ ಬಿರುದು ಕೊಟ್ಟಿದ್ದು. ನಿವೃತ್ತಿಯ ದಿನ ಊಟದ ತಟ್ಟೆಯಷ್ಟು ಅಗಲದ, ಎರಡು ಕೈಯಲ್ಲಿ ಎತ್ತಬೇಕಾದ ಹಿತ್ತಾಳೆ ಮುಚ್ಚಳವೊಂದನ್ನು ಎರಕ ಹೊಯ್ಸಿ, 'ಸೋರಿಕೆಯ ಶತ್ರುವಿಗೆ' ಎಂದು ಕೆತ್ತಿಸಿ ಕೊಟ್ಟರು. ಅದು ತಮಾಷೆ ಎಂದು ಕಾರ್ಖಾನೆಗೆಲ್ಲ ಗೊತ್ತಿತ್ತು, ಸಾಹೇಬರೊಬ್ಬರನ್ನು ಬಿಟ್ಟು. ಅವರು ಅದನ್ನು ನಡುಮನೆಯ ಗೋಡೆಗೆ ತೂಗುಹಾಕಿ ವಾರಕ್ಕೊಮ್ಮೆ ಉಜ್ಜಿ ಬೆಳಗುತ್ತಿದ್ದರು.

ನಿವೃತ್ತಿಯಾದ ಮೇಲೆ ಮನುಷ್ಯ ಸುಮ್ಮನೆ ಕೂರಬೇಕಲ್ಲ? ಅದೊಂದು ಇವರ ಕೈಯಲ್ಲಿ ಆಗಲಿಲ್ಲ. ಅವರ ಮನೆ ಬೀದಿಯ ಕೊನೆಯದು. ಅದರಾಚೆ ಬರೀ ಬಯಲು. ಚಳಿಗಾಲ ಬಂತೆಂದರೆ ಬಯಲಿನ ಗಾಳಿ ಬೇರೆ ಮನೆಯ ವಿಳಾಸವೇ ಗೊತ್ತಿಲ್ಲದ ಹಾಗೆ ನೇರ ಇಲ್ಲಿಗೇ ನುಗ್ಗುತ್ತಿತ್ತು. ಬಾಗಿಲ ಕೆಳಗಿಂದ, ಕಿಟಕಿಯ ಚೌಕಟ್ಟಿನಿಂದ, ನೆಲದ ಹಲಗೆಗಳ ಸಂದಿಯಿಂದ. ಹಿಂದಿನ ವರ್ಷ ಬಸುರಿ ಮಗಳು ತಿಂಗಳಿದ್ದು ಹೋಗುತ್ತೇನೆಂದು ಬಂದವಳು, ಮೂರನೇ ದಿನಕ್ಕೆ ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಹೊರಟುಹೋಗಿದ್ದಳು. ಅವಳ ಅತ್ತೆ, "ನಿಮ್ಮಪ್ಪ ಒಲೆ ಹಚ್ಚೋದು ಬೀದಿ ಕಾಯಿಸೋಕಾ?" ಎಂದು ಕೇಳಿದಳಂತೆ. ಆ ಮಾತು ಸಾಹೇಬರಿಗೆ ನಾಟಿತು. ನಾಟದೆ ಇರುತ್ತದೆಯೇ? ಸೋರಿಕೆಯ ಶತ್ರುವಿನ ಮನೆಯೇ ಸೋರುತ್ತಿದೆ ಎಂದರೆ ಮುಖ ಎಲ್ಲಿಟ್ಟುಕೊಳ್ಳುವುದು! ಈಗ ಮೊಮ್ಮಗಳಿಗೆ ಐದು ತಿಂಗಳು. ಅಜ್ಜನ ಮನೆಯಲ್ಲಿ ಆ ಕೂಸು ಒಂದು ರಾತ್ರಿಯೂ ಮಲಗಿರಲಿಲ್ಲ. ಮಗಳು ಫೋನಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು, "ಮನೆ ಬೆಚ್ಚಗಿದ್ರೆ ಈ ಸಲ ಮಗೂನ ಕರ್ಕೊಂಡು ಬಂದು ಎರಡು ತಿಂಗಳು ಇರ್ತೀನಪ್ಪಾ. ಇಲ್ಲಾಂದ್ರೆ ಖಂಡಿತ ಬರಲ್ಲ."

ಸಾಹೇಬರು ಸೊಂಟ ಕಟ್ಟಿ ನಿಂತರು. ಕೈಯಲ್ಲಿ ಒಂದು ಮೇಣದಬತ್ತಿ. ಅದನ್ನು ಹಚ್ಚಿ ಗೋಡೆಯುದ್ದಕ್ಕೂ ಬಸವನಹುಳುವಿನ ಹಾಗೆ ಹಿಡಿದುಕೊಂಡು ಹೋಗುವುದು, ಜ್ವಾಲೆ ಎಲ್ಲಿ ಬಾಗಿತೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುವುದು, ಆಮೇಲೆ ಮುಚ್ಚುವುದು. ಕಿಟಕಿಗಳಿಗೆ ರಬ್ಬರ್ ಪಟ್ಟಿ. ನೆಲದ ಸಂದಿಗೆ ಮರದ ಪುಡಿ, ಅಂಟು. ಬೀಗದ ಕಿಂಡಿಗೆ ಮೇಣ. ಕಾರ್ಖಾನೆಯ ಹಳೇ ಪ್ಯಾಂಟಿನ ಕಾಲಿಗೆ ಮರಳು ತುಂಬಿ, ಹೊಲಿದು, ಬಾಗಿಲಡಿಗೆ ಅಡ್ಡ ಹಾಕಿದರು. ಮೊದಲ ಸಲ ನೋಡಿದ ಪಕ್ಕದ ಮನೆಯವಳು ಯಾರದೋ ಹೆಣದ ಕಾಲೆಂದು ಹೌಹಾರಿದಳು. ಬಚ್ಚಲಿನ ಗಾಳಿ ಫ್ಯಾನಿಗೆ ತಗಡು ಹೊಡೆದರು. ಬಾಗಿಲಲ್ಲಿ ಕಾಗದ ಹಾಕುವ ಸೀಳನ್ನೂ ಬಿಡಲಿಲ್ಲ. ಅಂದಿನಿಂದ ಪೋಸ್ಟಿನವನು ಕಾಗದಗಳನ್ನು ಮೆಟ್ಟಿಲ ಮೇಲೆ ಎಸೆದು, ಏನೋ ಗೊಣಗಿಕೊಂಡು ಹೋಗುತ್ತಿದ್ದ.

ಸುಳ್ಳು ಯಾಕೆ ಹೇಳಬೇಕು, ಮನೆ ಬೆಚ್ಚಗಾಯಿತು. ನಡುಮನೆಯ ಕಬ್ಬಿಣದ ಒಲೆಗೆ ದಿನಕ್ಕೆ ಎರಡು ಬುಟ್ಟಿ ಸೌದೆ ಬೇಕಾಗುತ್ತಿದ್ದುದು ಒಂದಕ್ಕಿಳಿಯಿತು. ಬರಿಗಾಲಲ್ಲಿ ಓಡಾಡಬಹುದಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಕಿಟಕಿ ಗಾಜಿನ ಮೇಲೆ ನೀರಿಳಿಯತೊಡಗಿತು. ಉಪ್ಪು ಗಟ್ಟಿಯಾಯಿತು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ನಾತ ಹೊಡೆಯಿತು. ಮೊನ್ನೆ ಹುರಿದ ಈರುಳ್ಳಿಯ ವಾಸನೆ ಇವತ್ತೂ ಮನೆಯಲ್ಲಿ ನೆಂಟರ ಹಾಗೆ ಠಿಕಾಣಿ ಹೂಡಿತ್ತು. ಬೀರುವಿನ ಹಿಂದೆ ಗೋಡೆಗೆ ಕಪ್ಪು ಚುಕ್ಕಿ ಹತ್ತಿತು.

"ಗೋಡೆ ನೋಡ್ರೀ, ಬೂಷ್ಟು ಹಿಡೀತಿದೆ" ಎಂದಳು ಹೆಂಡತಿ.

"ಬೆವರ್ತಾ ಇದೆ ಕಣೇ. ಬೆಚ್ಚಗಿದ್ರೆ ಯಾರಾದ್ರೂ ಬೆವರ್ತಾರೆ."

"ನನಗೆ ಬೆಳಿಗ್ಗೆಯಿಂದ ತಲೆ ಸಿಡೀತಿದೆ. ಒಂದು ಕಿಟಕಿ ತೆಗೀರಿ."

"ಮುಚ್ಚಿದ ಜಾಡೀನ ಯಾರಾದ್ರೂ ಮಧ್ಯ ತೆಗೀತಾರಾ? ಒಳಗಿರೋದೆಲ್ಲ ಕೆಟ್ಟುಹೋಗತ್ತೆ. ಮೂವತ್ತನಾಲ್ಕು ವರ್ಷ ಇದನ್ನೇ ಮಾಡಿದವನಿಗೆ ನೀನು ಪಾಠ ಹೇಳ್ಬೇಡ."

ಆ ಮೂವತ್ತನಾಲ್ಕು ವರ್ಷ ಬಂತೆಂದರೆ ಮಾತು ಅಲ್ಲಿಗೆ ಮುಗಿಯಿತೆಂದೇ ಅರ್ಥ. ಹೆಂಡತಿ ಬಾಯಿ ಮುಚ್ಚಿಕೊಂಡಳು. ಆದರೆ ಸೋತವಳ ಹಾಗೆ ಅಲ್ಲ, ಬೇರೇನೋ ದಾರಿ ಮಾಡಿಕೊಂಡವಳ ಹಾಗೆ. ಅದನ್ನು ಗಮನಿಸುವಷ್ಟು ಬುದ್ಧಿ ಸಾಹೇಬರಿಗೆ ಇರಲಿಲ್ಲ.

ಅವರ ಗಮನವೆಲ್ಲ ಒಂದು ಸೋರಿಕೆಯ ಮೇಲಿತ್ತು. ಎಲ್ಲ ಮುಚ್ಚಿದರೂ ದಿನಾ ಬೆಳಿಗ್ಗೆ ಹತ್ತರ ಹೊತ್ತಿಗೆ ನಡುಮನೆಯ ಮೇಣದಬತ್ತಿ ಅಡುಗೆಮನೆಯ ಕಡೆಯಿಂದ ಒಲೆಯ ಕಡೆಗೆ ಸ್ವಲ್ಪ ಬಾಗುತ್ತಿತ್ತು. ಸಂಜೆ ಅವರು ಅಡುಗೆಮನೆಗೆ ಹೋಗಿ ಹುಡುಕಿದರೆ ನೆಟ್ಟಗೆ ನಿಲ್ಲುತ್ತಿತ್ತು. ಮೂರು ವಾರ ಹುಡುಕಿದರು. ಅನ್ನ ಸೇರಲಿಲ್ಲ. ಕೊನೆಗೆ ಮಗಳು ಬರುವ ಹಿಂದಿನ ದಿನ, ಹೆಂಡತಿ ಅಂಗಡಿಗೆ ಹೋದಾಗ, ಅಡುಗೆಮನೆಯ ಕೆಳಗಿನ ಗೂಡಿನಿಂದ ಹಿಟ್ಟಿನ ಡಬ್ಬ ಎಳೆದು ನೋಡುತ್ತಾರೆ, ಹಳೇ ನೀರಿನ ಕೊಳವೆ ಹೋಗುತ್ತಿದ್ದ ಮುಷ್ಟಿಯಗಲದ ತೂತು! ಅದರ ಬಾಯಲ್ಲಿ, ತಿಂಗಳಿಂದ ಕಾಣೆಯಾಗಿದ್ದ ಅವರದೇ ಹಸಿರು ಗೆರೆಯ ಕಾಲುಚೀಲ, ಸುರುಳಿ ಸುತ್ತಿ ತುರುಕಿದ್ದು. ಇವರು ಬೆನ್ನು ತಿರುಗಿಸಿದಾಗ ಕಿತ್ತು, ಇವರು ಬಂದಾಗ ತುರುಕಿ, ಆ ಪುಣ್ಯಾತ್ಗಿತ್ತಿ ಒಂದು ತಿಂಗಳಿಂದ ಮನೆಗೆ ಉಸಿರು ಕೊಡುತ್ತಿದ್ದಳು.

ಗಂಡನಾದವನು ಕರೆದು ಕೇಳಬಹುದಿತ್ತು. ಜಗಳವನ್ನಾದರೂ ಆಡಬಹುದಿತ್ತು. ಸಾಹೇಬರು ಎರಡೂ ಮಾಡಲಿಲ್ಲ. ಸಿಮೆಂಟು ಕಲಸಿ ತೂತನ್ನು ಗಚ್ಚಾಗಿ ಮುಚ್ಚಿ, ಮೇಲೆ ಕಾಲುಚೀಲದ ತುದಿ ಕಾಣುವಂತೆ ಅಂಟಿಸಿ, ಡಬ್ಬ ಮೊದಲಿನಂತೆ ಇಟ್ಟರು. ಮಾರನೇ ದಿನ ಅವಳು ಎಳೆದು ಪೇಚಾಡುವುದನ್ನು ನೆನೆದು ಒಬ್ಬರೇ ನಕ್ಕರು. ಹತ್ತಕ್ಕೆ ಹತ್ತು ಜಾಡಿ ಪಾಸ್.

ಮಗಳು ಬೆಳಿಗ್ಗೆ ಬಂದಳು. ಒಳಗೆ ಕಾಲಿಟ್ಟವಳೇ, "ಅಯ್ಯೋ ಅಪ್ಪಾ, ಎಷ್ಟು ಬೆಚ್ಚಗಿದೆ!" ಎಂದು ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಸಾಹೇಬರಿಗೆ ಸ್ವರ್ಗ ಮೂರೇ ಗೇಣು. ಮಗುವನ್ನು ಒಲೆಯ ಪಕ್ಕ ಚಾಪೆಯ ಮೇಲೆ ಮಲಗಿಸಿದರು. ಅದು ಕೈಕಾಲು ಬಡಿಯಿತು. ಸಾಹೇಬರು ಬತ್ತಿ ಹಚ್ಚಿ ಮಗಳನ್ನು ಮೂಲೆ ಮೂಲೆಗೆ ಕರೆದೊಯ್ದು ಜ್ವಾಲೆ ಅಲ್ಲಾಡದ್ದನ್ನು ತೋರಿಸಿದರು. ಹೆಂಡತಿಗೆ ಮೊಮ್ಮಗಳನ್ನು ಎತ್ತಿಕೊಂಡು ಕೆಳಗಿಳಿಸಲು ಮನಸ್ಸಿಲ್ಲ. ಹಿಟ್ಟಿನ ಡಬ್ಬದ ನೆನಪೇ ಅವಳಿಗೆ ಬರಲಿಲ್ಲ.

ಊಟವಾದ ಮೇಲೆ ಸಾಹೇಬರು ಒಲೆಗೆ ಎರಡು ದಪ್ಪ ಕೊರಡು ಹೆಚ್ಚಿಗೆ ತುರುಕಿದರು. ಮಗಳು ಕೂತಲ್ಲೇ ತೂಕಡಿಸಿದಳು. "ತಲೆ ಭಾರ ಅಮ್ಮಾ, ಪ್ರಯಾಣದ ಸುಸ್ತು" ಎಂದಳು. ಸಾಹೇಬರ ಹಣೆಯೂ ದಿಮ್ಮೆನ್ನುತ್ತಿತ್ತು. ನೆಮ್ಮದಿ ಎಂದರೆ ಹೀಗೇ ಇರುತ್ತದೆ ಎಂದುಕೊಂಡು ಕಣ್ಣು ಮುಚ್ಚಿದರು. ಮಗು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಎಷ್ಟು ಒಳ್ಳೆಯ ಕೂಸು, ಅಳುವುದೇ ಇಲ್ಲ!

ಹೆಂಡತಿಗೆ ಮಾತ್ರ ಆ ತಲೆನೋವಿನ ಪರಿಚಯ ಚೆನ್ನಾಗಿತ್ತು. ಗೋಡೆ ಹಿಡಿದುಕೊಂಡು ಎದ್ದಳು. ಅಡುಗೆಮನೆಗೆ ಹೋದಳು. ಡಬ್ಬ ಉರುಳಿದ ಸದ್ದಾಯಿತು. ಮರುಕ್ಷಣ ಅವಳ ಕೂಗು, "ಯಾರ್ರೀ ಇದನ್ನ ಮುಚ್ಚಿದ್ದು! ಮಗೂನ ಎತ್ಕೊಳ್ರೇ, ಹೊರಗೆ ನಡೀರಿ!"

ಸಾಹೇಬರು ಎದ್ದರೆ ಕಾಲು ನಿಲ್ಲಲಿಲ್ಲ. ಮಗಳು ಮಗುವನ್ನು ಬಾಚಿಕೊಂಡಳು. ಅದರ ಕತ್ತು ಬಟ್ಟೆಯ ಹಾಗೆ ಹಿಂದಕ್ಕೆ ಜೋತುಬಿತ್ತು. ಬಾಗಿಲಿಗೆ ಬಿದ್ದು ಎಳೆದಳು. ಬಾಗಿಲು ತೆರೆಯುವುದು ಒಳಕ್ಕೆ. ಸುತ್ತ ಎರಡು ಸುತ್ತು ರಬ್ಬರ್ ಪಟ್ಟಿ ಕಚ್ಚಿಕೊಂಡಿತ್ತು. ಕೆಳಗೆ ಮರಳು ತುಂಬಿದ ಪ್ಯಾಂಟಿನ ಕಾಲು ಸಿಕ್ಕಿಕೊಂಡು ಬಾಗಿಲು ಕದಲಲಿಲ್ಲ. "ಅಪ್ಪಾ, ಬಾಗಿಲು!" ಎಂದು ಮಗಳು ಚೀರಿದಳು. ಸಾಹೇಬರು ಮಂಡಿಯೂರಿ ಆ ಕಾಲನ್ನು ಎಳೆದರು. ಅವರೇ ಹೊಲಿದದ್ದು, ಅವರೇ ತುರುಕಿದ್ದು, ಅವರ ಕೈಗೇ ಬರಲಿಲ್ಲ.

ಆಗ ಹೆಂಡತಿ ಗೋಡೆಯಿಂದ ಹಿತ್ತಾಳೆ ಮುಚ್ಚಳವನ್ನು ಎರಡೂ ಕೈಯಲ್ಲಿ ಕಿತ್ತುಕೊಂಡಳು. ಸೋರಿಕೆಯ ಶತ್ರು ಕಿಟಕಿಯ ಗಾಜು ಒಡೆದುಕೊಂಡು ನೇರ ಬೀದಿಗೆ ಹೋಗಿ ಬಿತ್ತು. ಇಷ್ಟು ದಿನ ಹೊರಗೆ ಕಾದಿದ್ದ ಗಾಳಿ ಒಮ್ಮೆಗೇ ಒಳಗೆ ನುಗ್ಗಿತು. ಮಗಳು ಕೂಸನ್ನು ಕಿಟಕಿಗೆ ಒಡ್ಡಿ ನಿಂತಳು. ಒಂದು, ಎರಡು, ಮೂರು. ಕೊನೆಗೆ ಕೂಸು ಕೆಮ್ಮಿತು, ಮುಖ ಕಿವುಚಿತು, ಬೀದಿ ಬೀದಿಯೇ ಕೇಳುವಂತೆ ಕಿರುಚಿತು.

ಆಸ್ಪತ್ರೆಯಲ್ಲಿ ಮಗುವಿನ ಮೂಗಿಗೆ ಪುಟ್ಟ ಮುಸುಕು ಹಾಕಿ ಆಮ್ಲಜನಕ ಕೊಟ್ಟರು. "ಸೌದೆ ಸರಿಯಾಗಿ ಉರೀದಿದ್ರೆ ಬರೋ ಈ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಅಂತಾನೇ ಅನ್ನಿಸತ್ತೆ" ಎಂದಳು ಡಾಕ್ಟರಮ್ಮ. "ಮಗು ಹುಷಾರಾಗತ್ತೆ. ಇನ್ನರ್ಧ ಗಂಟೆ ತಡವಾಗಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ. ಮನೇಲಿ ಒಲೆ ನೋಡ್ಕೊಳ್ಳೋರು ಯಾರು?" ಸಾಹೇಬರು ತಮ್ಮ ಚಪ್ಪಲಿ ನೋಡುತ್ತ ಕೂತಿದ್ದರು.

ಮಗಳು ಅಲ್ಲಿಂದಲೇ ಅತ್ತೆಯ ಮನೆಗೆ ಹೊರಟಳು. "ಅಮ್ಮ ಬಾ ಅಂದ ದಿನ ಬರ್ತೀನಿ. ನೀನು ಹೇಳೋದು ಬೇಡ" ಎಂದಳು, ಅಪ್ಪನ ಮುಖ ನೋಡದೆ.

ಮಾರನೇ ದಿನ ಒಲೆ ರಿಪೇರಿಯವನು ಬಂದ. ಮನೆಯೆಲ್ಲ ಸುತ್ತಿ, ರಬ್ಬರ್ ಪಟ್ಟಿ ಒತ್ತಿ ನೋಡಿ, ತಲೆದೂಗಿದ. ಹೊಗಳುತ್ತಿದ್ದಾನೆಂದು ಸಾಹೇಬರು ಆಗಲೂ ಸ್ವಲ್ಪ ಎದೆಯುಬ್ಬಿಸಿದರು. ಹುಟ್ಟುಗುಣ, ಏನು ಮಾಡುವುದು!

"ಕೆಲಸ ಅಚ್ಚುಕಟ್ಟಾಗಿದೆ. ಕಾಲಿಗೆ ಕೊರೆಯೋ ಗಾಳಿ ಯಾರಿಗೆ ಬೇಕು? ಪಟ್ಟಿಗಳು ಹಾಗೇ ಇರ್ಲಿ" ಎಂದ ಅವನು. "ಆದ್ರೆ ಒಲೆ ಉರಿಯೋಕೆ ಗಾಳಿ ಎಲ್ಲಿಂದ ಬರ್ಬೇಕು? ಮೇಲಿಂದ ಹೊಗೆ ಹೋಗ್ತಿದ್ದ ಹಾಗೆ ಕೆಳಗಿಂದ ಹೊಸ ಗಾಳಿ ಬರ್ಬೇಕು. ದಾರೀನೇ ಇಲ್ದಿದ್ರೆ ಹೊಗೆ ಕೊಳವೇಲೇ ವಾಪಸ್ ಇಳಿಯತ್ತೆ. ಯಜಮಾನ್ರೇ, ನಿಮ್ಮ ಫ್ಯಾಕ್ಟ್ರಿ ಕೆಲಸದ ಬಗ್ಗೆ ಅಮ್ಮಾವ್ರು ಹೇಳಿದ್ರು, ಅಲ್ಲಿ ಜಾಡಿಗೆ ಏನು ತುಂಬ್ತಿದ್ರಿ?"

"ಹಣ್ಣಿನ ಪಾಕ."

"ಅದು ಉಸಿರಾಡ್ತಿತ್ತಾ?"

ಮೂವತ್ತನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರ ಹೆಂಡತಿ ಒಳಗಿನಿಂದ, "ಇಲ್ಲ ಅಂತ ಹೇಳ್ರೀ, ಅಷ್ಟು ಗೊತ್ತಿರಬೇಕಲ್ಲ" ಎಂದಳು.

ರಿಪೇರಿಯವನು ಗೋಡೆಯ ಮೇಲೆ ಗುರುತು ಹಾಕಿದ. ಒಲೆಯ ಬುಡಕ್ಕೆ ಹೊರಗಿನಿಂದ ನೇರ ಗಾಳಿ ತರುವ ಒಂದು ಕೊಳವೆ. ಅಡುಗೆಮನೆಯ ಮೇಲ್ಗಡೆ ಜಾಲರಿಯ ಕಿಂಡಿ. ಬಚ್ಚಲಿನ ಫ್ಯಾನಿನ ತಗಡು ಕಿತ್ತು, ಅದನ್ನು ಮತ್ತೆ ತಿರುಗಿಸುವುದು. ಜೊತೆಗೆ ವಿಷಾನಿಲ ಸೇರಿದರೆ ಕೂಗುವ ಒಂದು ಪೆಟ್ಟಿಗೆ. ಅವನು ಕೊರೆಯುವ ಯಂತ್ರ ಎತ್ತಿಕೊಂಡಾಗ ಹೆಂಡತಿ ತಡೆದಳು. "ನೀವು ಕೊಡಿ ಇಲ್ಲಿ. ಅವರೇ ಕೊರೀಲಿ."

ಸಾಹೇಬರು ಕೊರೆದರು. ಗೋಡೆ ತೂತಾಗಿ ಆಚೆಯ ಬೆಳಕು ಕಂಡಾಗ ಅವರಿಗೆ ತಮ್ಮ ಹೊಟ್ಟೆಗೇ ತೂತು ಬಿದ್ದಂತಾಯಿತು. ಕೈ ತಾನಾಗಿ ಅದನ್ನು ಮುಚ್ಚಲು ಹೋಯಿತು, ಹೆಂಡತಿ ನೋಡುತ್ತಿರುವುದು ಕಂಡು ಹಿಂದಕ್ಕೆ ಬಂತು. ಎಲ್ಲ ಮುಗಿದ ಮೇಲೆ ನೋಡಿದರೆ ಮನೆ ಏನೂ ತಣ್ಣಗಾಗಿರಲಿಲ್ಲ. ಸೌದೆ ಒಂದು ಬುಟ್ಟಿಯ ಬದಲು ಒಂದೂಕಾಲು ಬುಟ್ಟಿ ಹಿಡಿಯಿತು, ಅಷ್ಟೇ. ಕಿಟಕಿಯ ನೀರು ನಿಂತಿತು. ಉಪ್ಪು ಮತ್ತೆ ಉದುರತೊಡಗಿತು. ಈ ಕಾಲು ಬುಟ್ಟಿ ಸೌದೆಗಾಗಿ ತಾನು ಏನನ್ನು ಪಣಕ್ಕಿಟ್ಟಿದ್ದೆ ಎಂದು ನೆನೆದಾಗಲೆಲ್ಲ ಅವರು ಎದ್ದು ಹೋಗಿ ಕೊಳವೆಯ ಬಾಯಿಗೆ ಅಂಗೈ ಹಿಡಿದು ನೋಡುತ್ತಿದ್ದರು. ಹಿತ್ತಾಳೆ ಮುಚ್ಚಳ ಬೀದಿಯಿಂದ ನೆಗ್ಗಿ ವಾಪಸ್ ಬಂತು. ಅದನ್ನು ಅವರು ಮತ್ತೆ ತೂಗುಹಾಕಲಿಲ್ಲ. ಹೆಂಡತಿ ಅದರ ಮೊಳೆಗೆ, ಸಿಮೆಂಟಿನಿಂದ ಕಿತ್ತ ಹಸಿರು ಗೆರೆಯ ಕಾಲುಚೀಲವನ್ನು ಒಗೆದು ನೇತುಹಾಕಿದಳು. ಬಂದವರು ಏನಿದು ಎಂದು ಕೇಳಿದರೆ, "ಅವರನ್ನೇ ಕೇಳಿ" ಎನ್ನುತ್ತಿದ್ದಳು. ಸಾಹೇಬರು ಹೇಳುತ್ತಿದ್ದರು, ಪೂರ್ತಿಯಾಗಿ, ಒಂದು ಮಾತು ಬಿಡದೆ.

ಹದಿನೇಳನೇ ದಿನ ಹೆಂಡತಿ ಮಗಳಿಗೆ ಫೋನ್ ಮಾಡಿ ಬಾ ಎಂದಳು.

ಮಗಳು ಬಂದಳು. ಮಗುವನ್ನು ಹೊದಿಕೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಹೊಸಿಲ ಆಚೆಯೇ ನಿಂತಳು. "ಬತ್ತಿ ಹಚ್ಚು ಅಪ್ಪಾ. ನೋಡ್ಬೇಕು."

ಸಾಹೇಬರು ಮೇಣದಬತ್ತಿ ಹಚ್ಚಿಕೊಂಡು ಮಂಡಿಯೂರಿ ಕೊಳವೆಯ ಬಾಯಿಗೆ ಹಿಡಿದರು. ಜ್ವಾಲೆ ಅಲ್ಲಾಡಿತು. ಹಳೇ ಅಭ್ಯಾಸ ಬಿಡಬೇಕಲ್ಲ, ಇನ್ನೊಂದು ಕೈ ತಾನಾಗಿ ಎದ್ದು ಜ್ವಾಲೆಗೆ ಮರೆಯಾಯಿತು.

"ಕೈ ತೆಗೀರಿ" ಎಂದಳು ಹೆಂಡತಿ.

ತೆಗೆದರು. ಜ್ವಾಲೆ ಒಲೆಯ ಕಡೆಗೆ ಪೂರಾ ಮಲಗಿ, ಒಂದು ಸಲ ನೀಲಿಯಾಗಿ, ಆರಿಹೋಯಿತು. ಸಾಹೇಬರು ತಲೆ ಎತ್ತಿ ಮಗಳನ್ನು ನೋಡಿದರು. ಅವಳು ಹೊಸಿಲು ದಾಟಿ ಬಂದು, ಮಗುವನ್ನು ಮುಂದೆ ಚಾಚಿದಳು. ಸಾಹೇಬರು ಆರಿದ ಬತ್ತಿಯನ್ನು ನೆಲದ ಮೇಲಿಟ್ಟು ಎರಡೂ ಕೈ ನೀಡಿದರು.