ಬೆರಳೆತ್ತರದ ಹೊಸ್ತಿಲು

ಬೆಟಗೇರಿಯ ನಮ್ಮ ಮನೆಗೆ ಟೈಲ್ಸ್ ಹಾಕಿಸುತ್ತೇನೆ ಎಂದಾಗ, ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿ ನಡೆಸುವ ಅಣ್ಣ ಮೊದಲು ಕೇಳಿದ್ದು ಬಣ್ಣ ಯಾವುದು ಎಂದು. ಬಣ್ಣ ಕಟ್ಟಿಕೊಂಡು ನನಗೇನಾಗಬೇಕು! ನಾನು ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಆ ಕಾಲನ್ನು ಎತ್ತಲು ಬರುವುದಿಲ್ಲ, ಎಳೆಯಲು ಬರುತ್ತದೆ. ಹಾಗೆ ಎಳೆದುಕೊಂಡೇ ದಿನಾ ಬಸ್ಸು ಹತ್ತಿ ಮುಂಡರಗಿಗೆ ಹೋಗಿ ಪಾಠ ಹೇಳಿ ಬರುತ್ತೇನೆ. ಬಸ್ಸಿನಲ್ಲಿ ಹಿಡಿಯಲು ಕಂಬಿ ಇರುತ್ತದೆ, ಮೈಯನ್ನೆಲ್ಲ ತೋಳಿನಿಂದ ಎತ್ತಿಬಿಡುತ್ತೇನೆ. ನಮ್ಮ ಮನೆಯ ಹೊಸ್ತಿಲಿಗೆ ಮಾತ್ರ ಕಂಬಿಯಿರಲಿಲ್ಲ. ಅಲ್ಲಿ ಅವ್ವನ ಕೈ ಬೇಕಿತ್ತು.

ಅದು ಗೇಣೆತ್ತರದ ಕಲ್ಲಿನ ಹೊಸ್ತಿಲು. ಅವ್ವ ಮುಂಜಾನೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಇಟ್ಟು, ಆಮೇಲೆ ನನಗೆ ಕೈ ಕೊಟ್ಟು ದಾಟಿಸುತ್ತಿದ್ದಳು. ನನ್ನ ತಲೆ ನರೆತ ಮೇಲೂ ಅದೇ ನಡೆಯಿತು. ಹೋದ ವರ್ಷ ಒಂದು ದಿನ ಅವಳ ಮಂಡಿ ಸೋತು ಇಬ್ಬರೂ ಕೂಡಿಯೇ ಬಿದ್ದೆವು. ನನಗೆ ತರಚಿತು, ಅವಳ ಮಣಿಕಟ್ಟು ಮುರಿಯಿತು. ಇನ್ನು ಈ ಮನೆಯಿಂದ ಹೊರಗೆ ಹೋಗಲು ನಾನು ಯಾರ ಕೈಯನ್ನೂ ಹಿಡಿಯುವುದಿಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ತೀರ್ಮಾನಿಸಿದೆ. ಪಡಸಾಲೆಯ ಏರುಪೇರಾದ ಶಹಾಬಾದ್ ಫರಸಿ ಕಲ್ಲು ಹೋಗಬೇಕು, ಹೊಸ್ತಿಲೂ ಹೋಗಬೇಕು, ಬೀದಿಯವರೆಗೆ ಇಳಿಜಾರು ಬೇಕು.

ಗದಗಿನ ಅಂಗಡಿಯಲ್ಲಿ ತೋರಿಸಿದ ಟೈಲ್ಸೆಲ್ಲ ಫಳಫಳ. ಒಂದರ ಮೇಲೆ ನೀರು ಚೆಲ್ಲಿಸಿ ಊರುಗೋಲು ಒತ್ತಿದೆ, ಸರ್ರನೆ ಜಾರಿತು.

"ಕನ್ನಡಿ ಹಂಗ ಹೊಳಿತೈತಿ ನೋಡ್ರಿ ಅಕ್ಕೋರ" ಎಂದ ಅಂಗಡಿಯವ.

"ಕನ್ನಡಿ ಮ್ಯಾಲ ಯಾರ ನಡೀತಾರ್ರಿ? ಒರಟಂದು ತಗೀರಿ."

ಟೈಲ್ಸ್ ಕೂರಿಸುವ ಗೌಂಡಿ ಸಿಗುವುದು ಅದಕ್ಕಿಂತ ಕಷ್ಟವಾಯಿತು. ಮೊದಲು ಬಂದವನು ಮನೆಯೆಲ್ಲ ಕಣ್ಣಾಡಿಸಿ, "ಮನ್ಯಾಗ ಗಂಡಸರು ಯಾರ ಅದಾರ್ರಿ?" ಎಂದ. "ಯಾಕ್ರಿ, ಟೈಲ್ಸ್ ಮ್ಯಾಲ ಅವರಷ್ಟ ನಡೀತಾರೇನು?" ಎಂದು ಕೇಳಿ ಚಹಾ ಕುಡಿಸಿ ಕಳಿಸಿದೆ. ಎರಡನೆಯವನು ಇಳಿಜಾರು ಮಾಡಿದರೆ ಮನೆ ದವಾಖಾನೆಯಂತೆ ಕಾಣುತ್ತದೆ ಎಂದ. ಅವನಿಗೆ ಚಹಾನೂ ಸಿಗಲಿಲ್ಲ. ಮೂರನೆಯವನು ಶಿರಹಟ್ಟಿಯವನು, ನನ್ನದೇ ವಯಸ್ಸಿನವನು. ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿದ. "ಆತ್ರಿ, ನೀವು ಹೆಂಗಂತೀರಿ ಹಂಗ" ಎಂದ. ಹೊಸ್ತಿಲಿನ ಮಾತು ಬಂದಾಗ ಮಾತ್ರ ಬಿಳಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಕೆಲಸ ಚೆನ್ನಾಗಿಯೇ ಸಾಗಿತು. ಕಲ್ಲಿನ ಹೊಸ್ತಿಲು ಕಿತ್ತರು, ಪಡಸಾಲೆ ಸಪಾಟಾಯಿತು, ಇಳಿಜಾರು ಒಣಗಿತು. ಬಾಗಿಲ ಕೆಳಗಿನ ಪಟ್ಟಿಯಷ್ಟೇ ಉಳಿದಿದ್ದ ದಿನ ನಾನು ಶಾಲೆ ಮುಗಿಸಿ ಬಂದೆ. ಬೀದಿಯಿಂದ ಒಬ್ಬಳೇ ಇಳಿಜಾರು ಏರಿದೆ. ಎಷ್ಟು ಹಿಗ್ಗಾಯಿತೆಂದರೆ ಅವ್ವನನ್ನು ಕೂಗಿ ಕರೆಯಬೇಕೆನಿಸಿತು. ಬಾಗಿಲಿಗೆ ಬಂದೆ, ಕಾಲಿಗೆ ಏನೋ ತಟ್ಟನೆ ತಡೆಯಿತು. ಚೌಕಟ್ಟು ಹಿಡಿದುಕೊಂಡು ಬೀಳದೆ ಉಳಿದೆ. ಕೆಳಗೆ ನೋಡಿದರೆ ಕರಿ ಗ್ರಾನೈಟ್ ಪಟ್ಟಿ, ಬೆರಳೆತ್ತರ, ಇನ್ನೂ ಹಸಿ.

ಒಳಗೆ, ಲಕ್ಷ್ಮೇಶ್ವರದಿಂದ ಬಂದ ಅಣ್ಣ ಕುರ್ಚಿಯ ಮೇಲೆ ಕೂತಿದ್ದ. ಕೇಳುವ ಮೊದಲೇ ಹೇಳಿದ: "ನಾನ ಹೇಳಿ ಹಾಕಿಸೇನಿ ತಂಗಿ. ಒಂದ ಬೆರಳು, ಶಾಸ್ತ್ರಕ್ಕಷ್ಟ. ಹೊಸ್ತಲಾ ಇಲ್ಲದ ಮನ್ಯಾಗ ಲಕ್ಷ್ಮಿ ನಿಲ್ಲೂದಿಲ್ಲ, ಹೊರಗ ಹೋಗ್ತಾಳ."

"ಲಕ್ಷ್ಮಿ ಹೋಗೂದಿರ್ಲಿ, ನಾ ಹೆಂಗ ಹೋಗ್ಲಿ ಹೊರಗ?"

ಅವನಿಗೆ ಬೆರಳು ಎಂದರೆ ಬೆರಳು. ಎತ್ತಲು ಬಾರದ ಕಾಲಿಗೆ ಬೆರಳೂ ಒಂದೇ, ಗೇಣೂ ಒಂದೇ. ಇದನ್ನು ಹುಟ್ಟಿದಾಗಿನಿಂದ ನನ್ನನ್ನು ನೋಡಿದವನಿಗೆ ಬಿಡಿಸಿ ಹೇಳಬೇಕೆ? ಸಿಟ್ಟು ನೆತ್ತಿಗೇರಿತು. ಊರುಗೋಲು ಪಕ್ಕಕ್ಕೆ ಒಗೆದು, ಆ ಹಸಿ ಹೊಸ್ತಿಲಿನ ಮೇಲೆಯೇ ಕೂತುಬಿಟ್ಟೆ.

ಅವ್ವ ಅಡುಗೆಮನೆಯಿಂದ ಓಡಿಬಂದಳು. "ಏಳವ್ವಾ, ಹೊಸ್ತಲಾ ಮ್ಯಾಲ ಕುಂಡ್ರಬಾರದು! ಅದೂ ದೀಪಾ ಹಚ್ಚೋ ಹೊತ್ನ್ಯಾಗ!"

"ಒಡಸ್ರಿ. ಏಳ್ತೇನಿ."

ಸಿಮೆಂಟು ಸೀರೆಗೆ ಮೆತ್ತಿಕೊಂಡಿತು. ಎದುರು ಮನೆಯವರು ಕಟ್ಟೆಗೆ ಬಂದು ನಿಂತರು. ನೋಡಲಿ ಎಂದೇ ಕೂತಿದ್ದೆ. ನಾನು ಪಡಸಾಲೆಯಲ್ಲಿ ನಿಂತಿದ್ದ ಗೌಂಡಿಯ ಕಡೆ ತಿರುಗಿ, "ನೀವೂ ಹಿಂಗ ಮಾಡೂದೇನ್ರಿ?" ಎಂದೆ.

ಆತ ಸಿಮೆಂಟು ಮೆತ್ತುವ ಕರಣಿಯನ್ನು ಕೆಳಗಿಟ್ಟ. "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ. ನಾ ಮುಸಲ್ಮಾನ ಮನಷ್ಯಾ. ಅವ್ವಾರು ದಿನಾ ಪೂಜಿ ಮಾಡೋ ಹೊಸ್ತಲಾ. ಅದು ನನ್ನ ಕೈಲೆ ಹೋತು ಅಂತ ನಾಳೆ ಯಾರರ ಅಂದ್ರ ನಾ ಏನ್ ಹೇಳ್ಲಿ? ಅಣ್ಣಾರು ಹಾಕು ಅಂದ್ರು, ನನಗೂ ಚಲೋ ಅನಿಸ್ತು."

ಆತನ ಅಂಜಿಕೆ ಸುಳ್ಳಲ್ಲ. ಹಾಗೆಂದು ನಾನು ಏಳಲೂ ಇಲ್ಲ.

ಅವ್ವ ನನ್ನನ್ನು ನೋಡಿದಳು, ಮುರಿದು ಕೂಡಿದ ತನ್ನ ಮಣಿಕಟ್ಟನ್ನು ತಿಕ್ಕಿಕೊಂಡಳು. ಆಮೇಲೆ ಗೌಂಡಿಗೆ ಹೇಳಿದಳು: "ಒಡಿಯಪಾ. ಒಡಿ ಅಂದಾಕಿ ಈ ಮನಿ ಮುದುಕಿ. ಯಾರರ ಕೇಳಿದ್ರ ನನ್ನ ಕಡೆ ಕಳಸು."

ಅಣ್ಣ ಬಾಯಿ ತೆಗೆದ. "ನೀ ಸುಮ್ಮನ ಕುಂಡ್ರು" ಎಂದಳು.

ನಾನು ಎದ್ದೆ, ಪಟ್ಟಿಯೂ ಎದ್ದಿತು. ಅಣ್ಣ ಈಗಲೂ ಬಂದಾಗ ಅಲ್ಲಿಲ್ಲದ ಹೊಸ್ತಿಲಿಗೆ ಕಾಲೆತ್ತಿಯೇ ದಾಟುತ್ತಾನೆ. ಎತ್ತಲಿ, ಅವನಿಗೆ ಬರುತ್ತದೆ.

ಸಪಾಟು ಪಟ್ಟಿ ಹಾಕಿ ಒಣಗಿದ ಮೇಲಿನ ಮೊದಲ ಮುಂಜಾನೆ, ನಾನು ಚೀಲ ಹೆಗಲಿಗೇರಿಸಿ ಬಂದಾಗ ಅವ್ವ ಬಾಗಿಲಲ್ಲಿ ಕೂತಿದ್ದಳು. ಹೊಸ್ತಿಲಿದ್ದ ಜಾಗದಲ್ಲಿ, ನೆಲಕ್ಕೇ, ಈ ಚೌಕಟ್ಟಿನಿಂದ ಆ ಚೌಕಟ್ಟಿನವರೆಗೆ ಅರಿಸಿನ ಹಚ್ಚಿ ಕುಂಕುಮದ ಬೊಟ್ಟು ಇಟ್ಟಿದ್ದಳು. ಅಷ್ಟೆಲ್ಲ ಜಗಳಾಡಿದ ನನಗೆ ಈಗ ಹೆಜ್ಜೆ ಬರಲಿಲ್ಲ.

"ಅವ್ವಾ, ನನ್ನ ಕಾಲು ಎಳದ್ರ ಇದು ಅಳಸ್ತೈತಿ."

ಅವ್ವ ಚೌಕಟ್ಟು ಹಿಡಿದು ಎದ್ದು ಬದಿಗೆ ಸರಿದಳು. "ಅಳಸ್ಲಿ. ನಾ ದಿನಾ ಹಚ್ಚತೇನಿ, ನೀ ದಿನಾ ಅಳಸ್ಕೋಂತ ಹೋಗು."

ಅವಳು ಕೈ ಚಾಚಲಿಲ್ಲ. ನಾನು ಕಾಲು ಎಳೆದುಕೊಂಡು ದಾಟಿದೆ.