ತೋರಿಸದೆ ಬಿಟ್ಟ ತಗ್ಗು

ಒಬ್ಬನೇ ಸೈಕಲ್ ಹೊಡೆಯುವಾಗಲೂ ನನ್ನ ಎಡಗೈ ಸುಮ್ಮನಿರುವುದಿಲ್ಲ. ರಸ್ತೆಯಲ್ಲಿ ತಗ್ಗು ಬಂತೆಂದರೆ ಹ್ಯಾಂಡಲ್ ಬಿಟ್ಟು ಕೆಳಗಿಳಿದು ಅದನ್ನು ತೋರಿಸುತ್ತದೆ. ಹಿಂದೆ ನೋಡುವವರು ಯಾರೂ ಇರುವುದಿಲ್ಲ. ಗಬ್ಬೂರಿನ ಹತ್ತಿರ ಕುರಿ ಕಾಯುವ ಮುದುಕನೊಬ್ಬ ಒಮ್ಮೆ ನನ್ನನ್ನು ನಿಲ್ಲಿಸಿ, "ಯಾರಿಗಿ ತೋರಸಾಕತ್ತೀರಿ ಸಾಹೇಬ್ರ?" ಎಂದು ಕೇಳಿದ. "ಚಟ ಅದ ಯಪ್ಪಾ" ಎಂದು ಹೇಳಿ ಮುಂದೆ ಹೋದೆ. ಸುಳ್ಳು ಹೇಳಿದೆ. ತೋರಿಸಲೇಬೇಕಾದ ಕಡೆ ಒಂದು ಸಲ ತೋರಿಸಲಿಲ್ಲ, ಅದಕ್ಕೇ ಈಗ ಖಾಲಿ ರಸ್ತೆಗೆಲ್ಲ ತೋರಿಸುತ್ತ ಹೋಗುತ್ತೇನೆ.

ನಾನು ರಾಯಚೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕ. ಕೋಟೆ ಗೋಡೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರಿಗೂ ಈಗ ಸಾಕಾಗಿದೆ. ವಾರವೆಲ್ಲ "ಸದ್ದು ಮಾಡಬೇಡಿ" ಎಂಬ ಬೋರ್ಡಿನ ಕೆಳಗೆ ಕೂತು, ರವಿವಾರವೂ ಮಾತಿಲ್ಲದ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಬಾಗಿದ ಹ್ಯಾಂಡಲ್ಲಿನ, ತೆಳು ಗಾಲಿಯ ಸೈಕಲ್ ತಂದೆ. "ಈ ವಯಸ್ಸಿನ್ಯಾಗ ಇದ್ಯಾಕ ಬೇಕಿತ್ರಿ, ಬೈಕ್ ಸಿಗಲಿಲ್ಲೇನು?" ಎಂದು ಓಣಿಯವರು ನಕ್ಕರು. ನಾನು ಉತ್ತರ ಕೊಡಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಮಾತು ತಡವಾಗಿ ಬರುತ್ತದೆ. ಮುಂದೆ ಎಲ್ಲ ಕೆಟ್ಟದ್ದು ಇದರಿಂದಲೇ.

ನನ್ನ ಸೈಕಲ್ ಜೋಡಿಯಾದ ಟೇಲರ್ ಮಾಸ್ತರ ಸಿಕ್ಕಿದ್ದು ಮಾನ್ವಿಯಲ್ಲಿ. ಒಂದು ರವಿವಾರ ಮಾನ್ವಿ ಗುಡ್ಡದ ತನಕ ಹೋದವನ ಪ್ಯಾಂಟು ಚೈನಿಗೆ ಸಿಕ್ಕು ಹರಿಯಿತು. ಬಜಾರಿನಲ್ಲಿ ಮೊದಲು ಕಂಡ ಟೇಲರ್ ಅಂಗಡಿಗೆ ನುಗ್ಗಿದೆ. ಒಳಗೆ ಗೋಡೆಗೆ ನನ್ನದರಂಥದ್ದೇ ಸೈಕಲ್ ತೂಗುಹಾಕಿದ್ದರು. ಅಳತೆ ಟೇಪು ಕೊರಳಿಗೆ ಹಾಕಿಕೊಂಡಿದ್ದ ಮಾಸ್ತರ ನನ್ನ ಹರಿದ ಪ್ಯಾಂಟು ನೋಡಲೇ ಇಲ್ಲ. ಸೀದಾ ಹೊರಗೆ ಹೋಗಿ ನನ್ನ ಸೈಕಲ್ಲಿನ ಗಾಲಿ ಒತ್ತಿ ನೋಡಿ, "ಹವಾ ಕಮ್ಮಿ ಅದರಿ. ಹಿಂಗ ಓಡಿಸಿದ್ರ ರಿಮ್ಮು ಹೋಗತದ" ಎಂದರು. ಮುಂದಿನ ವಾರದಿಂದ ಜೋಡಿಯಾದೆವು. ಸ್ಪಂಜು ಇಟ್ಟ ಚಡ್ಡಿಗಳನ್ನು ಇಬ್ಬರಿಗೂ ಅವರೇ ಹೊಲಿದರು. ಅದನ್ನು ಹಾಕಿಕೊಂಡು ನಡೆದರೆ ಮಕ್ಕಳು ನಗುತ್ತಿದ್ದರು, ಆದರೆ ನೂರು ಕಿಲೋಮೀಟರ್ ಆದರೂ ಕುಂಡಿ ನೋಯುತ್ತಿರಲಿಲ್ಲ.

ಅವರು ಮಾನ್ವಿಯಿಂದ, ನಾನು ರಾಯಚೂರಿನಿಂದ ಹೊರಟು ಸಿರವಾರದಲ್ಲಿ ಕೂಡುತ್ತಿದ್ದೆವು. ಅಲ್ಲಿಂದ ದೇವದುರ್ಗ. ನಮ್ಮ ಕಡೆಯ ಗುಡ್ಡವೆಂದರೆ ಹಸಿರು ಗಿಸಿರು ಏನೂ ಇಲ್ಲ, ಬರೀ ಬಂಡೆ. ಹತ್ತು ಗಂಟೆಗೆಲ್ಲ ಬಂಡೆ ಕಾದು ರಸ್ತೆಯ ಮೇಲೆ ಝಳ ಹೊಡೆಯುತ್ತದೆ. ಎದುರುಗಾಳಿ ಬೇರೆ. ಆ ಗಾಳಿಯಲ್ಲಿ ಒಬ್ಬನ ಹಿಂದೆ ಒಬ್ಬ ಗಾಲಿಗೆ ಗಾಲಿ ಹಚ್ಚಿ ಹೋಗಬೇಕು. ಮುಂದಿನವನು ಗಾಳಿ ತಿನ್ನುತ್ತಾನೆ, ಹಿಂದಿನವನಿಗೆ ಅರ್ಧ ಶ್ರಮ ಉಳಿಯುತ್ತದೆ. ಆದರೆ ಅಷ್ಟು ಹತ್ತಿರ ಹೋದವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನಷ್ಟೇ ಕಾಣುತ್ತದೆ. ಅದಕ್ಕೇ ಮುಂದಿನವನು ತಗ್ಗು ಬಂದರೆ ಕೈ ಇಳಿಸಿ ತೋರಿಸಲೇಬೇಕು. ಹಿಂದಿನವನ ಜೀವ ಆ ಕೈಯಲ್ಲಿರುತ್ತದೆ. ಮಾಸ್ತರ ಒಮ್ಮೆಯೂ ತಪ್ಪಿಸಲಿಲ್ಲ. ಚಿಕ್ಕ ಕಲ್ಲಿಗೂ ಕೈ ತೋರಿಸುತ್ತಿದ್ದರು. ನಾಲ್ಕು ವರ್ಷ ಹೀಗೆ ನಡೆಯಿತು. ಆ ನಾಲ್ಕು ವರ್ಷ ನನಗೆ ಸೋಮವಾರದಿಂದಲೇ ರವಿವಾರದ ದಾರಿ ಕಾಯುವ ಕೆಲಸವಿತ್ತು.

ಆ ದಿನ ದೇವದುರ್ಗದ ಬಸ್ ಸ್ಟ್ಯಾಂಡಿನ ಎದುರು ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಕೋಟೆ ಗುಡ್ಡ ಹತ್ತಿ ಬರೋಣ ಎಂದು ನಾನು, ಬೇಡ, ಜಾಲಹಳ್ಳಿ ಕಡೆ ಸ್ವಲ್ಪ ದೂರ ಹೋಗಿ ತಿರುಗಿ ಬೇಗ ಮನೆ ಮುಟ್ಟೋಣ ಎಂದು ಅವರು. ಮನೆಗೆ ಬೀಗರು ಬರುವವರಿದ್ದರಂತೆ. ನಾನು ಹಟ ಹಿಡಿದೆ. ಆಗ ಮಾಸ್ತರ ಹೋಟೆಲಿನವನ ಕಡೆ ತಿರುಗಿ, "ಇವ್ರಿಗೇನ್ರಿ, ಮನ್ಯಾಗ ಕಾಯೋರು ಯಾರದಾರ? ಸಂಜಿತನಕ ಗುಡ್ಡದಾಗ ಕುಂತ್ರೂ ನಡೀತದ" ಎಂದು ನಕ್ಕರು. ಹೋಟೆಲಿನವನು ನಕ್ಕ. ಮಿರ್ಚಿ ತಿನ್ನುತ್ತಿದ್ದ ಇಬ್ಬರು ಅಪರಿಚಿತರೂ ನಕ್ಕರು.

ಚೇಷ್ಟೆಯ ಮಾತು. ನಾನೇ ಎಷ್ಟೋ ಸಲ ನನ್ನ ಬಗ್ಗೆ ಹಾಗೆ ಅಂದುಕೊಂಡು ನಕ್ಕಿದ್ದೇನೆ. ಆದರೆ ಅವರ ಬಾಯಿಂದ, ನಾಲ್ಕು ಮಂದಿಯ ಎದುರು ಬಂದಾಗ ಎದೆಗೆ ನಾಟಿತು. ನಾನೂ ಹಲ್ಲು ಕಿರಿದೆ. ಏನಾದರೂ ತಿರುಗಿ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿಲ್ಲ. ಸೈಕಲ್ ಹತ್ತಿ ಜಾಲಹಳ್ಳಿ ರಸ್ತೆ ಹಿಡಿದೆ. ಅವರು ಹಿಂದೆ ಬಂದು ಗಾಲಿ ಹಚ್ಚಿದರು.

ಏರು ಮುಗಿದು ಇಳಿಜಾರು ಬಂತು. ಪೈಪಿಗೆಂದು ರಸ್ತೆ ಅಗೆದು ಹಾಗೇ ಬಿಟ್ಟಿದ್ದ ತಗ್ಗು ದೂರದಿಂದಲೇ ಕಂಡಿತು. ಕಾಣಲಿಲ್ಲವೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಕಂಡಿತು. ಕೈ ಇಳಿಸಲು ಬೇಕಾದಷ್ಟು ಹೊತ್ತೂ ಇತ್ತು. ಬೀಳಲಿ ಎಂದು ನಾನು ಅಂದುಕೊಳ್ಳಲಿಲ್ಲ, ದೇವರಾಣೆ. ಸ್ವಲ್ಪ ಎಗರಲಿ, ಗಾಬರಿಯಾಗಲಿ, ಅಷ್ಟೇ ಅಂದುಕೊಂಡೆ. ನಾನು ಬಲಕ್ಕೆ ಸರಿದೆ. ಕೈ ಹ್ಯಾಂಡಲ್ ಮೇಲೆಯೇ ಇತ್ತು.

"ಯಾ ಅಲ್ಲಾ" ಎಂಬ ಕೂಗು, ಆಮೇಲೆ ಕಬ್ಬಿಣ ಡಾಂಬರಿಗೆ ಉಜ್ಜಿದ ಸದ್ದು. ತಿರುಗಿ ನೋಡಿದಾಗ ಮಾಸ್ತರ ಬಲಭುಜದ ಮೇಲೆ ಬಿದ್ದಿದ್ದರು. ಕತ್ತರಿ ಹಿಡಿಯುವ ಕೈ. ಓಡಿ ಹೋಗಿ ತಲೆ ತೊಡೆಯ ಮೇಲಿಟ್ಟುಕೊಂಡೆ. ಅವರು ಅಂದ ಮೊದಲ ಮಾತು, "ನಿಮಗೇನಾಗಿಲ್ಲ ಹೌದಿಲ್ಲ?"

ದಾರಿಯಲ್ಲಿ ಬಂದ ಟಂಟಂ ಆಟೋ ನಿಲ್ಲಿಸಿ ದೇವದುರ್ಗಕ್ಕೆ ತಂದೆ. ಬಲಭುಜದ ಕಡೆಯ ಕೊರಳೆಲುಬು ಮುರಿದಿತ್ತು. ಡಾಕ್ಟರ ಮುಂದೆ ಮಾಸ್ತರ, "ನಂದೇ ತಪ್ಪರಿ. ಇವ್ರು ಕೈ ತೋರಿಸೇ ಇರ್ತಾರ, ನಾನೇ ಎಲ್ಲೋ ನೋಡಿರಬೇಕು" ಎಂದರು. ನಾನು ಬಾಯಿ ಬಿಡಲಿಲ್ಲ. ಮಾನ್ವಿಯಿಂದ ಓಡಿ ಬಂದ ಅವರ ಹೆಂಡತಿ ಕೈಮುಗಿದು, "ನೀವಿದ್ರಿ ಅಂತ ಜೀವ ಉಳೀತು ಭಾಯಿ" ಎಂದು ಅತ್ತರು. ಆಗಲೂ ಬಿಡಲಿಲ್ಲ.

ನಾಲ್ಕು ತಿಂಗಳು ಅವರು ಬಟ್ಟೆ ಕತ್ತರಿಸಲಿಲ್ಲ. ಪ್ರತಿ ರವಿವಾರ ನಾನು ಒಬ್ಬನೇ ಸೈಕಲ್ ಮೇಲೆ ಮಾನ್ವಿಗೆ ಹೋಗಿ ಅವರ ಮುಂದೆ ಕೂತು ಬರುತ್ತಿದ್ದೆ. ಇವತ್ತು ಹೇಳಬೇಕು ಎಂದು ಹೊರಡುವುದು, ಅವರ ನಗು ನೋಡಿ ನುಂಗಿಕೊಳ್ಳುವುದು. ಹೇಳಿದರೆ ಈ ಒಬ್ಬ ಮನುಷ್ಯನೂ ಹೋಗುತ್ತಾನೆ. ಹೇಳದಿದ್ದರೆ ಇನ್ನೊಮ್ಮೆ ನನ್ನ ಬೆನ್ನು ನಂಬಿ ಹಿಂದೆ ಬರುತ್ತಾನೆ. ಥೂ, ಎಂಥ ಬಾಳು ಎನಿಸುತ್ತಿತ್ತು. ಬರುವಾಗಿನ ಐವತ್ತು ಕಿಲೋಮೀಟರ್ ಯಾರನ್ನೂ ಮಾತಾಡಿಸದೆ, ನೀರಿಗೂ ನಿಲ್ಲದೆ ಬರುತ್ತಿದ್ದೆ.

ಆಮೇಲೊಂದು ರವಿವಾರ ಹೋದಾಗ ಅಂಗಡಿಯಲ್ಲಿ ಕತ್ತರಿಯ ಸದ್ದು ಕೇಳಿಸಿತು. ಗೋಡೆಯ ಸೈಕಲ್ ಕೆಳಗಿಳಿದಿತ್ತು, ಹೊಸ ಟಯರು ಹಾಕಿ ಒರೆಸಿ ನಿಲ್ಲಿಸಿದ್ದರು. ಮೇಜಿನ ಮೇಲೆ ಎರಡು ಹೊಸ ಚಡ್ಡಿ.

"ಡಾಕ್ಟರು ಹೂಂ ಅಂದಾರ" ಎಂದರು ಮಾಸ್ತರ. ಮುಖದ ತುಂಬ ಖುಷಿ. "ಮುಂದಿನ ಐತವಾರ ಗೂಗಲ್ ಊರಿಗೆ ಹೋಗೋಣು. ಹೊಳಿ ನೋಡಿ ಭಾಳ ದಿನ ಆತು. ನೀವು ಮುಂದ, ನಾ ಹಿಂದ. ಭುಜಕ್ಕ ಗಾಳಿ ತಡಿಯಂಗಿಲ್ಲ ಇನ್ನ."

ಇನ್ನು ನುಂಗಲು ಆಗಲಿಲ್ಲ. "ಮಾಸ್ತರ, ಆ ತಗ್ಗು ನಾ ನೋಡಿದ್ದೆ" ಎಂದೆ. "ಹೋಟೆಲ್‌ನ್ಯಾಗ ನೀವಂದ ಮಾತಿಗಿ ಸಿಟ್ಟು ಬಂದಿತ್ತು. ಬೇಕಂತ ಕೈ ತೋರಿಸಲಿಲ್ಲ."

ಅವರು ಕತ್ತರಿ ಕೆಳಗಿಟ್ಟರು. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ. "ಯಾವ ಮಾತು?" ಎಂದು ಕೇಳಿದರು. ಅವರಿಗೆ ಅದು ನೆನಪೇ ಇರಲಿಲ್ಲ. ನಾನು ಆ ಮಾತನ್ನು ನನ್ನ ಬಾಯಿಂದಲೇ ಅವರಿಗೆ ಹೇಳಬೇಕಾಯಿತು. ಕೇಳಿ ತಲೆ ತಗ್ಗಿಸಿದರು.

"ಅದು ನನ್ನ ತಪ್ಪರಿ. ಹಂಗನಬಾರದಿತ್ತು" ಎಂದರು. ಮೇಜಿನ ಮೇಲಿನ ಚಡ್ಡಿಯ ಮಡಿಕೆ ಸರಿಮಾಡುತ್ತ ಮತ್ತೆ ಅಂದರು. "ಬಿದ್ದಿದ್ದಕ್ಕ ಸಿಟ್ಟಿಲ್ಲ ಸರ. ಎಲುಬು ಕೂಡೇದ. ಆದ್ರ ಇನ್ನ ನಿಮ್ಮ ಹಿಂದ ಬಂದ್ರ ನನ್ನ ಕಣ್ಣು ನಿಮ್ಮ ಕೈಮ್ಯಾಲ ನಿಲ್ಲಂಗಿಲ್ಲ. ಪ್ರತಿ ತಗ್ಗು ನಾನೇ ಹುಡುಕಬೇಕಾಗತದ. ಹಂಗ ಹೋಗೋದಾದ್ರ ಒಬ್ಬನ ಹೋದಂಗ ಆತಲ್ಲ?"

ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅವರ ಹೆಂಡತಿ, "ಚಾ ಆಗ್ಯಾದ, ಭಾಯಿಗಿ ಕೂಡಂತ ಹೇಳ್ರಿ" ಎಂದು ಕೂಗಿದರು. ನಾನು ಎದ್ದೆ. ಮಾಸ್ತರ ಒಂದು ಚಡ್ಡಿ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಒಯ್ರಿ. ನಿಮ್ಮ ಅಳತಿದು, ಬ್ಯಾರೆ ಯಾರಿಗೂ ಬರಂಗಿಲ್ಲ."

ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದರೆ ಸುಳ್ಳಾಗುತ್ತದೆ. ಎಷ್ಟೋ ರವಿವಾರ, ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನನಗೆ ನಾನೇ ಬೈದುಕೊಳ್ಳುತ್ತೇನೆ. ನಾನೀಗ ಮಸರಕಲ್, ಗಬ್ಬೂರು ಸುತ್ತಿ ಬರುತ್ತೇನೆ. ಸಿರವಾರದ ಕಡೆ ಹೋಗುವುದಿಲ್ಲ. ಮೊನ್ನೆ ಮಾನ್ವಿಯಿಂದ ಬಂದ ವಿದ್ಯಾರ್ಥಿಯೊಬ್ಬ ಪುಸ್ತಕ ಹಿಂದಿರುಗಿಸುತ್ತ, "ನಿಮ್ಮಂಗ ಸೈಕಲ್ ಹೊಡೆಯೋ ಟೇಲರ್ ಒಬ್ರು ನಮ್ಮೂರಾಗ ಅದಾರ್ರಿ ಸರ. ಐತವಾರಕ್ಕೊಮ್ಮಿ ಸಿಂಧನೂರು ರಸ್ತಾದಾಗ ಕಾಣ್ತಾರ" ಎಂದ. ಜೋಡಿ ಯಾರಾದರೂ ಇರುತ್ತಾರಾ ಎಂದು ಕೇಳಿದೆ.

"ಇಲ್ಲರಿ," ಎಂದ, "ಒಬ್ರ ಇರ್ತಾರ."