ಕಿಟಕಿ ಹಲಗೆಯ ಸುಟ್ಟ ಗುರುತು

ನನ್ನ ಗಂಡ ಬಾಗಿಲು ರಿಪೇರಿ ಮಾಡುವವರು. ಅದನ್ನು ಅಂಗಡಿಯಲ್ಲಿ ಮಾಡಿದರೆ ನನ್ನದೇನೂ ತಕರಾರಿಲ್ಲ. ಆದರೆ ನೆಂಟರ ಮನೆಯಾಗಲಿ, ಆಸ್ಪತ್ರೆಯಾಗಲಿ, ಇವರು ಕುಶಲ ಕೇಳುವ ಮೊದಲು ಕದ ಹಿಂದೆಮುಂದೆ ಆಡಿಸಿ ನೋಡಬೇಕು. ನನ್ನ ತಂಗಿಯ ಮದುವೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಇವರು ಬಚ್ಚಲಿನ ಚಿಲಕ ಸರಿಮಾಡುತ್ತಿದ್ದರು.

ಅದಕ್ಕೇ ಊರಾಚೆಯ ಹಳೇ ಬಂಗಲೆ ನೋಡಲು ಹೊರಟ ಬೆಳಿಗ್ಗೆ ಇವರ ಚೀಲ ತಡಕಿ, ಸ್ಕ್ರೂಡ್ರೈವರ್ ತೆಗೆದು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ.

ದೊಡ್ಡ ಮನುಷ್ಯರು ಬಾಳಿದ ಆ ಬಂಗಲೆಯನ್ನು ಈಗ ಜನರಿಗೆ ತೋರಿಸುತ್ತಾರೆ. ಅವರ ಕುರ್ಚಿ, ಕನ್ನಡಿ ಕಟ್ಟಿಕೊಂಡು ನನಗೇನಾಗಬೇಕು? ನನ್ನ ಅಮ್ಮ ಮದುವೆಗೆ ಮುಂಚೆ ಅಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಒಮ್ಮೆ ಕಾದ ಇಸ್ತ್ರಿಪೆಟ್ಟಿಗೆಯನ್ನು ಮಹಡಿಯ ಕಿಟಕಿ ಹಲಗೆಯ ಮೇಲಿಟ್ಟು, ಹೊರಗೆ ನೋಡುತ್ತ ಮೈಮರೆತಳಂತೆ. ಹಲಗೆ ಸುಟ್ಟು ಕಪ್ಪು ಗುರುತು ಬಿತ್ತು, ಕೆಲಸವೂ ಹೋಯಿತು. "ನಾನು ಹೋದ್ಮೇಲೂ ಅದು ಅಲ್ಲೇ ಇರುತ್ತೆ ನೋಡು" ಎಂದು ಸಾಯುವವರೆಗೂ ನಗುತ್ತಿದ್ದಳು. ಅಮ್ಮನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಆ ಗುರುತನ್ನಾದರೂ ಒಮ್ಮೆ ಮುಟ್ಟಬೇಕಿತ್ತು ನನಗೆ.

ಬಸ್ಸಿನಲ್ಲಿ ಇದನ್ನೆಲ್ಲ ಮತ್ತೊಮ್ಮೆ ಹೇಳಿದೆ. ಇವರು ಹೂಂಗುಟ್ಟುತ್ತ ಮುಂದಿನ ಸೀಟಿನ ಸಡಿಲ ಬೋಲ್ಟು ತಿರುಗಿಸುತ್ತಿದ್ದರು.

ಬಂಗಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಮಂಡಿ ಕೈಕೊಟ್ಟಿತು. ಇವರು ಮುಂದೆ ಹೋದರು. ಅಮ್ಮ ಹೇಳುತ್ತಿದ್ದ ಇಸ್ತ್ರಿ ಕೋಣೆ ಮಹಡಿಯ ಕೊನೆಯಲ್ಲಿತ್ತು. ಅದರ ಕದ ನೆಲಕ್ಕೆ ತಾಗಿ ಅರ್ಧ ತೆರೆದು ನಿಂತಿತ್ತು. ಅದನ್ನು ಕಂಡು ಇವರು ಸುಮ್ಮನಿರುವುದುಂಟೇ? ಒಳಗೆ ಹೋಗಿ, ಕದವನ್ನು ಮೇಲಕ್ಕೆತ್ತಿ ಮುಚ್ಚಿಯೇಬಿಟ್ಟರು. ನಾನು ಕುಂಟುತ್ತ ಕದದ ಹತ್ತಿರ ಬರುವಷ್ಟರಲ್ಲಿ ಹಳೇ ಬೀಗ ಕಟಕ್ ಎಂದು ಬಿತ್ತು.

"ಹೆಂಗೆ ಕೂತ್ಕೊಳ್ತು ನೋಡು" ಎಂದರು ಒಳಗಿಂದ.

"ತೆಗೀರಿ ಮತ್ತೆ."

ಒಳಗೆ ಕದ ತಡಕುವ ಸದ್ದು. "ಒಳಗಡೆ ಹಿಡಿನೇ ಇಲ್ಲ ಕಣೇ. ಚೀಲದಲ್ಲಿ ಸ್ಕ್ರೂಡ್ರೈವರ್ ಇಟ್ಟಿದ್ದೆ, ಕಾಣ್ತಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಅಂತ ಸಿಟ್ಟು ತೀರಿಸಿಕೊಳ್ಳಲಿ? ಬಂಗಲೆಯ ಕಾವಲುಗಾರ ಬಂದು ನೋಡಿ ಹಣೆ ಚಚ್ಚಿಕೊಂಡ.

"ಆ ಬಾಗ್ಲು ಯಾರೂ ಮುಚ್ಚಲ್ಲಮ್ಮಾ. ಬೀಗದ ಕೈ ಎಲ್ಲಿದೆಯೋ, ಹುಡುಕ್ಬೇಕು" ಎಂದು ಗೊಣಗುತ್ತ ಇಳಿದು ಹೋದ.

ನಾನು ಕದಕ್ಕೆ ಒರಗಿ ನೆಲದ ಮೇಲೆ ಕೂತೆ. ಒಳಗಿಂದ ಗರಗರ ಸದ್ದು ಬರತೊಡಗಿತು. ಬೀಗದ ಜೊತೆ ಗುದ್ದಾಡುತ್ತಿರಬೇಕು ಅಂದುಕೊಂಡೆ.

"ಏನ್ ಮಾಡ್ತಿದ್ದೀರಿ?"

"ಸುಮ್ನೆ ಯಾಕೆ ನಿಂತಿರ್ಲಿ? ಕಿಟಕಿ ಹಲಗೆ ಒಳ್ಳೇ ಸಾಗವಾನಿ ಕಣೇ. ಯಾರೋ ತಲೆ ನೆಟ್ಟಗಿಲ್ಲದೋರು ಸುಟ್ಟು ಹಾಳ್ಮಾಡಿದಾರೆ. ಜೇಬಲ್ಲಿ ಸ್ಯಾಂಡ್‌ಪೇಪರ್ ಇತ್ತು. ಉಜ್ಜಿದ್ರೆ ಬಿಡ್ತಾ ಇದೆ."

ಚೀಲ ತಡಕಿದ್ದೆ, ಜೇಬು ತಡಕಿರಲಿಲ್ಲ.

"ರೀ, ನಿಲ್ಸಿ." ಕದ ಬಡಿದೆ. "ಅದು ನಮ್ಮಮ್ಮ ಸುಟ್ಟಿದ್ದು. ಬಸ್ಸಲ್ಲಿ ಹೇಳಿದ್ನಲ್ಲ."

ಸದ್ದು ನಿಂತಿತು.

"ಎಷ್ಟು ಉಳಿದಿದೆ?"

ಸಣ್ಣ ದನಿ ಬಂತು. "ಇಸ್ತ್ರಿಪೆಟ್ಟಿಗೆ ಮೂತಿ ಗುರುತು ಒಂದಿದೆ."

ಕಾವಲುಗಾರ ಬೀಗ ತೆಗೆದಾಗ ಇವರು ಆ ಚೂರಿನ ಮೇಲೆ ಅಂಗೈ ಮುಚ್ಚಿಕೊಂಡು ನಿಂತಿದ್ದರು. ನಾನು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟೆ. ಉಗುರಿನಷ್ಟು ಕಪ್ಪು ಉಳಿದಿತ್ತು. ಅದರ ಮೇಲೆ ಬೆರಳಿಟ್ಟು ನಿಂತೆ. ಕಾವಲುಗಾರ ಹೊರಡಿ ಎನ್ನುವವರೆಗೂ ತೆಗೆಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟು ದಾರಿಯುದ್ದಕ್ಕೂ ಗಡಗಡ ಅಲ್ಲಾಡುತ್ತಿತ್ತು. ಇವರು ಕೈಕಟ್ಟಿಕೊಂಡೇ ಕೂತಿದ್ದರು.